ಗಾಳಿ ಹೋಗುವ ಕಡೆ ಯಾರಿದ್ದಾರೆ? ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್ ಕಲಿತ ದಿನಗಳು

ಶನಿವಾರ: ಬೆಂಗಳೂರಿನಿಂದ ಪಾಂಬನ್‌ವರೆಗೆ

ಬೆಂಗಳೂರಿನಿಂದ ರಾಮೇಶ್ವರಕ್ಕೆ ಸುಮಾರು 600 ಕಿ.ಮೀ. ಕೃಷ್ಣಗಿರಿ, ಸೇಲಂ, ಕರೂರು, ದಿಂಡಿಗಲ್ ದಾಟಿ ಮದುರೈ ತನಕ ಹೆದ್ದಾರಿ ಸಲೀಸು. ಮದುರೈಯಲ್ಲಿ ಜಿಗರ್‌ಥಂಡಾ ಕುಡಿಯಲು ಕಾರು ನಿಲ್ಲಿಸಿದೆವು. ಪರಮಕುಡಿ ದಾಟಿದ ಮೇಲೆ ನೆಲ ಒಣಗುತ್ತಾ ಹೋಗುತ್ತದೆ. ರಸ್ತೆ ಬದಿಯಲ್ಲಿ ಸೀಮೆಜಾಲಿ, ನಡುನಡುವೆ ತಾಳೆಮರ. ಸಂಕ್ರಾಂತಿ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಹಾಗಾಗಿ ಎಲ್ಲೆಲ್ಲೂ ಬೇಯಿಸಿದ ಪನಂಕಿಳಂಗು ಮಾರುತ್ತಿದ್ದರು. ತಾಳೆಬೀಜ ಮೊಳೆತು ಮಣ್ಣೊಳಗೆ ಬಿಡುವ ಗೆಡ್ಡೆ ಅದು. ಸಿಪ್ಪೆ ತೆಗೆದು, ನಡುವಿನ ನಾರು ಎಳೆದು ತಿನ್ನಬೇಕು. ರುಚಿ ಸಪ್ಪೆ, ಆದರೆ ಕಾರಿನಲ್ಲಿ ಕೂತು ಅಗಿಯಲು ಬಹಳ ಚೆನ್ನ.

ಪಾಂಬನ್ ಸೇತುವೆಯ ಮೇಲೆ ಕಾರಿನ ಬಾಗಿಲು ತೆರೆದಾಗಲೇ ಗಾಳಿಯ ಪರಿಚಯ ಆಯಿತು. ಪಕ್ಕದಲ್ಲಿ 1914ರ ಹಳೆಯ ರೈಲು ಸೇತುವೆ, ಅದರ ಆಚೆ 2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸ ಸೇತುವೆ. ಹಡಗು ಬಂದಾಗ ಹೊಸ ಸೇತುವೆಯ ನಡುಭಾಗ ನೇರವಾಗಿ ಮೇಲೇಳುತ್ತದೆ. ನನ್ನ ತಮ್ಮ ಅದನ್ನು ನೋಡಲಿಲ್ಲ. ಅವನ ಕಣ್ಣು ಉತ್ತರ ದಂಡೆಯ ಮೇಲೆ ಆಡುತ್ತಿದ್ದ ಮೂರ್ನಾಲ್ಕು ಬಣ್ಣದ ಪಟಗಳ ಮೇಲಿತ್ತು.

ನಾವು ಕುಂದಾಪುರ ಕಡೆಯವರು. ಕಡಲು ಹೊಸದಲ್ಲ. ಆದರೂ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟ ಎಳೆದಂತೆ ಬೋರ್ಡ್ ಅನ್ನುವ ಹಲಗೆಯ ಮೇಲೆ ನಿಂತು ನೀರಲ್ಲಿ ಸಾಗುವ ಆಟ, ಕಲಿಯಲು ಇಷ್ಟು ದೂರ ಬಂದದ್ದಕ್ಕೆ ಕಾರಣ ಇದೆ. ನಮ್ಮ ಕರಾವಳಿಯಲ್ಲಿ ಜೋರು ಗಾಳಿ ಬೀಸುವುದು ಮಳೆಗಾಲದಲ್ಲಿ, ಆಗ ಅಲೆ ಹೊಸಬರ ಕೈಗೆ ಸಿಗುವಂಥದ್ದಲ್ಲ. ರಾಮೇಶ್ವರ ದ್ವೀಪದ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಚಳಿಗಾಲದಲ್ಲಿ ಈಶಾನ್ಯದ ಗಾಳಿ, ಮೇ ತಿಂಗಳಿಂದ ನೈಋತ್ಯದ ಗಾಳಿ. ಪಾಕ್ ಕೊಲ್ಲಿಯ ದಡದ ಹತ್ತಿರ ನೀರು ಬಹಳ ದೂರದ ತನಕ ಸೊಂಟದ ಮಟ್ಟ. ಬಿದ್ದರೆ ಎದ್ದು ನಿಲ್ಲಬಹುದು. ಕಲಿಯುವವರಿಗೆ ಇದಕ್ಕಿಂತ ಏನು ಬೇಕು?

ಭಾನುವಾರ: ಮರಳಿನ ಮೇಲೆ

ಭಾನುವಾರ ಇಲ್ಲಿನ ದಂಡೆ ತುಂಬಿರುತ್ತದೆ. ಪಾಂಬನ್, ತಂಗಚ್ಚಿಮಡಂ ಸುತ್ತಮುತ್ತ ಕ್ರೈಸ್ತ ಮೀನುಗಾರರು ಜಾಸ್ತಿ. ಬೆಳಿಗ್ಗೆ ಚರ್ಚು, ಆಮೇಲೆ ರಜೆ. ದೋಣಿಗಳನ್ನು ಮೇಲೆಳೆದು ನಿಲ್ಲಿಸಿದ್ದರು. ದೋಣಿ ನೆರಳಲ್ಲಿ ಬಲೆ ಹೆಣೆಯುವವರು, ಹುಡುಗರ ಕ್ರಿಕೆಟ್, ನೀರಲ್ಲಿ ಮಕ್ಕಳು, ಮರಳಿನ ಮೇಲೆ ಒಣಗಲು ಹರಡಿದ ಮೀನು, ಅದನ್ನು ಕಾಯುವ ಒಬ್ಬ ಅಜ್ಜಿ.

ನಮಗೆ ಕಲಿಸಿದ ಹುಡುಗ ಇದೇ ದ್ವೀಪದವನು, ಮೀನುಗಾರರ ಮನೆಯವನು. ಕೈಟ್ ಬಿಚ್ಚುವ ಮೊದಲು ನಮ್ಮನ್ನು ದಂಡೆಯ ಉದ್ದಕ್ಕೂ ನಡೆಸಿದ. "ಕಡಲಿಗೆ ಮುಖ ಮಾಡಿ ನಿಲ್ಲಿ. ಗಾಳಿ ಎಲ್ಲಿಗೆ ತಾಗ್ತಿದೆ?" ಬಲಗೆನ್ನೆಗೆ ತಾಗುತ್ತಿತ್ತು. ಅಂದರೆ ಗಾಳಿ ಓರೆಯಾಗಿ ದಡದ ಕಡೆಗೇ ಬರುತ್ತಿದೆ. ಹೊಸಬರಿಗೆ ಇದು ಒಳ್ಳೆಯದು. ಏನೇ ಆದರೂ ನೀರು ನಮ್ಮನ್ನು ನಿಧಾನವಾಗಿ ದಡಕ್ಕೇ ತರುತ್ತದೆ. ಬೆನ್ನಿಗೆ ಗಾಳಿ ತಾಗಿದರೆ, ಅಂದರೆ ದಡದಿಂದ ಕಡಲಿಗೆ ಬೀಸುತ್ತಿದ್ದರೆ, ಕೈಟ್ ಚೀಲ ತೆರೆಯಲೇಬಾರದು. "ಈಗ ಎಡಕ್ಕೂ ಹಿಂದಕ್ಕೂ ತಿರುಗಿ ನೋಡಿ. ನಿಮ್ಮನ್ನ ದಾಟಿ ಗಾಳಿ ಎಲ್ಲಿಗೆ ಹೋಗ್ತಿದೆ? ಅಲ್ಲಿ ಯಾರಿದ್ದಾರೆ?"

ಅಲ್ಲಿ ಮೀನು ಒಣಗಿಸುವ ಅಜ್ಜಿ ಇದ್ದಳು. ಅವಳ ಹಿಂದೆ ತೆಂಗಿನಮರ, ಅದರ ಹಿಂದೆ ವಿದ್ಯುತ್ ತಂತಿ. ನಾವು ನಡೆದು ನಡೆದು, ಎಡಕ್ಕೂ ಹಿಂದಕ್ಕೂ ಖಾಲಿ ಮರಳು ಮಾತ್ರ ಕಾಣುವ ಜಾಗಕ್ಕೆ ಹೋದೆವು. ಬಿಸಿಲಲ್ಲಿ ಪಂಪು, ಚೀಲ ಹೊತ್ತು ಅಷ್ಟು ದೂರ ಹೋಗುವುದು ಸುಲಭ ಅಲ್ಲ. ಆದರೆ ಆಮೇಲಿನ ದಿನಗಳಲ್ಲಿ ಕಂಡ ಪ್ರತಿ ತೊಂದರೆಗೂ ಮೂಲ ಹುಡುಕಿದರೆ, ಯಾರೋ ಈ ನಡಿಗೆ ತಪ್ಪಿಸಿದ್ದೇ ಸಿಗುತ್ತಿತ್ತು. ಕೈಟ್ ಏನೇ ಎಡವಟ್ಟು ಮಾಡಲಿ, ಅದು ಬೀಳುವುದು ಗಾಳಿ ಹೋಗುವ ಕಡೆಗೇ. ಹಾಗಾಗಿ ಆ ಕಡೆ ಕನಿಷ್ಠ ಎರಡು ಲೈನ್‌ನಷ್ಟು (ಕೈಟ್‌ಗೆ ಕಟ್ಟಿದ ದಾರವೇ ಲೈನ್), ಅಂದರೆ ಹತ್ತಿರ ಹತ್ತಿರ 50 ಮೀಟರ್, ಜನ, ದೋಣಿ, ಮರ ಯಾವುದೂ ಇರಬಾರದು. ಹೊಸಬರಿಗೆ ಅದಕ್ಕಿಂತಲೂ ಜಾಸ್ತಿ ಜಾಗ ಬೇಕು.

ಗಾಳಿ ತುಂಬುವ ಈ ಕೈಟ್‌ಗೆ ಫ್ರಾನ್ಸಿನ ಬ್ರಿಟನಿಯ ಲೆಗೆನ್ಯೂ ಅಣ್ಣತಮ್ಮಂದಿರು ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1984ರಲ್ಲಿ. ಆಟವಾಗಿ ಹಬ್ಬಿದ್ದು 1990ರ ದಶಕದ ಕೊನೆಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸ್ಪರ್ಧೆಯೂ ಆಯಿತು. ಮುಂದಿನ ಅಂಚಿನ ದಪ್ಪ ಕೊಳವೆಗೆ ಪಂಪಿನಿಂದ ಗಾಳಿ ತುಂಬಿದರೆ ಕೈಟ್ ನೀರಿಗೆ ಬಿದ್ದರೂ ಮುಳುಗುವುದಿಲ್ಲ. ಅದರಿಂದ ಹೊರಟ ನಾಲ್ಕು ಲೈನ್‌ಗಳು ಸಾಮಾನ್ಯವಾಗಿ 20ರಿಂದ 25 ಮೀಟರ್ ಉದ್ದ. ಕೈಯಲ್ಲಿ ಹಿಡಿಯುವ ಅಡ್ಡಕೋಲು ಬಾರ್, ಸೊಂಟಕ್ಕೆ ಕಟ್ಟುವ ಪಟ್ಟಿ ಹಾರ್ನೆಸ್. ಎಳೆತವೆಲ್ಲ ಹಾರ್ನೆಸ್‌ಗೆ ಬರುವುದರಿಂದ ಕೈ ಸೋಲುವುದಿಲ್ಲ. ಲೈನ್ ಮಾತ್ರ ಬಹಳ ತೆಳ್ಳಗೆ. ಬಿಗಿಯಾದಾಗ ಚರ್ಮ ಕೊಯ್ಯುತ್ತದೆ. ಅದನ್ನು ಬೆರಳಿಗೆ ಸುತ್ತಿಕೊಳ್ಳಬಾರದು, ನೆಲದ ಮೇಲಿದ್ದರೂ ದಾಟಿ ಹೋಗಬಾರದು. ಕೆಲಸ ಮುಗಿದ ಕೂಡಲೇ ಬಾರ್‌ಗೆ ಸುತ್ತಿಡಬೇಕು. ಓಡಾಡುವ ಮಕ್ಕಳಿಗೆ ಅದು ಕಾಣುವುದೇ ಇಲ್ಲ.

ಮಧ್ಯಾಹ್ನದ ತನಕ ಹುಡುಗ ಒಂದೇ ಕೆಲಸ ಮಾಡಿಸಿದ: ನಿಲ್ಲಿಸುವುದು. ಮೊದಲು ಬಾರ್ ಬಿಡು, ಎಳೆತ ತಗ್ಗುತ್ತದೆ. ಅದು ಸಾಲದಿದ್ದರೆ ಎದುರಿನ ಕೆಂಪು ಕ್ವಿಕ್ ರಿಲೀಸ್, ಅಂದರೆ ಬಾರ್‌ನ್ನು ಥಟ್ಟನೆ ಬಿಡಿಸುವ ಹಿಡಿ, ಮುಂದಕ್ಕೆ ತಳ್ಳು. ಆಗ ಕೈಟ್ ಬರೀ ಸೊಂಟಕ್ಕೆ ಸಿಕ್ಕಿಸಿದ ಸುರಕ್ಷತಾ ಹಗ್ಗವಾದ ಲೀಶ್‌ನ ಒಂದು ಲೈನ್‌ನಲ್ಲಿ ನೇತಾಡಿ ಬಲ ಕಳೆದುಕೊಳ್ಳುತ್ತದೆ. ಆಗಲೂ ಎಳೆಯುತ್ತಿದ್ದರೆ ಕೊನೆಯದಾಗಿ ಲೀಶ್ ಬಿಡು. ಆದರೆ ಲೀಶ್ ಬಿಟ್ಟ ಕೈಟ್ ಲೈನ್ ಎಳೆದುಕೊಂಡು ಹಾರಿ ದಂಡೆಯ ಮೇಲಿರುವವರ ಮೈಮೇಲೆ ಹೋಗಬಹುದು. ಜೀವಕ್ಕೆ ಬಂದಾಗ ಮಾತ್ರ ಅದು. ಕಣ್ಣು ಮುಚ್ಚಿ, ಎಡಗೈಯಲ್ಲಿ, ಮಲಗಿಕೊಂಡು, ಎಲ್ಲ ಥರವೂ ಮಾಡಿಸಿದ. ತಮ್ಮನಿಗೆ ಬೇಗ ಕೈಟ್ ಹಾರಿಸುವ ಆಸೆ. ನನಗಂತೂ ಈ ಪಾಠವೇ ಇಷ್ಟವಾಯಿತು. ನಿಲ್ಲಿಸಲು ಬರದವರನ್ನು ಜನರ ನಡುವೆ ಹಾರಿಸಲು ಬಿಡುವುದು ತಪ್ಪು. ಕಲಿಸುವ ಜಾಗ ಆರಿಸುವಾಗ ಮೊದಲ ದಿನವೇ ಬೋರ್ಡ್ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ.

ಲಾಂಚ್, ಅಂದರೆ ಕೈಟ್ ಮೇಲಕ್ಕೆ ಹಾರಿಸುವುದು, ಕೂಡ ಇಬ್ಬರ ಕೆಲಸ. ಸಹಾಯಕ ನೀರಿನ ಅಂಚಲ್ಲಿ ಕೈಟ್ ಹಿಡಿದು ನಿಲ್ಲುತ್ತಾನೆ. ನಾವು ಲೈನ್ ಒಂದಕ್ಕೊಂದು ಸಿಕ್ಕಿಲ್ಲ ಅಂತ ನೋಡಿ, ಬಟ್ಟೆ ಪಟಪಟ ಅನ್ನುವುದು ನಿಲ್ಲುವ ತನಕ ಜಾಗ ಸರಿಮಾಡಿಕೊಂಡು, ಹೆಬ್ಬೆರಳು ಎತ್ತಬೇಕು. ಆಮೇಲೆ ಅವನು ಸುಮ್ನೆ ಕೈ ಬಿಡುತ್ತಾನೆ, ಮೇಲಕ್ಕೆ ಎಸೆಯುವುದಿಲ್ಲ. ಕೈಟ್ ಇಳಿಸಲು ಸಹಾಯ ಬೇಕಾದರೆ ನೆತ್ತಿಯ ಮೇಲೆ ಕೈ ಬಡಿದು ತೋರಿಸಬೇಕು. ದಂಡೆಯ ಮೇಲೆ ನಿಂತಾಗ ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ಹರಟೆ ಹೊಡೆಯುವವರನ್ನು ನೋಡಿದೆ. ಜೋರು ಗಾಳಿ ಒಮ್ಮೆ ತಳ್ಳಿದರೆ ಅದು ಆಳನ್ನೇ ನೆಲದಿಂದ ಎತ್ತುತ್ತದೆ. ನೀರಿನ ಕಡೆ ತಗ್ಗಿಸಿ ಹಿಡಿದು, ಬೇಗ ನೀರಿಗಿಳಿಯುವುದೇ ಸರಿ. ಮತ್ತೆ, ಗುರುತಿಲ್ಲದವರನ್ನು ಕರೆದು ಕೈಟ್ ಹಿಡಿಯಲು ಹೇಳಬಾರದು. ಅಲ್ಲಿನ ಮಕ್ಕಳು ಆಸೆಯಿಂದ ಓಡಿ ಬರುತ್ತಾರೆ, ಅವರ ಕೈಗೆ ಕೊಡಲೇಬಾರದು.

ಸೋಮವಾರ: ಪಾಸಿ ಹೆಂಗಸರು

ಗಾಳಿ 15 ನಾಟ್ ಆಸುಪಾಸು ಇತ್ತು, ಗಂಟೆಗೆ ಸುಮಾರು 28 ಕಿ.ಮೀ. ಬೋರ್ಡ್ ಇಲ್ಲದೆ ನೀರಲ್ಲಿ ಕೈಟ್ ಎಳೆದ ಕಡೆ ಮೈ ಬಿಟ್ಟು ಹೋಗುವ ಪಾಠ. ಒಂದು ಕೈ ಚಾಚಿ ನೀರು ಸೀಳಿಕೊಂಡು ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವುದು ಬರಬೇಕು. ಬೋರ್ಡ್ ಕಾಲಿಂದ ಜಾರಿದರೆ ಅದನ್ನು ವಾಪಸ್ ಹಿಡಿಯಲು ಇದೇ ದಾರಿ. ಬೋರ್ಡನ್ನು ಹಗ್ಗದಿಂದ ಮೈಗೆ ಕಟ್ಟಿಕೊಂಡರೆ ಅದು ಚಿಮ್ಮಿ ಬಂದು ತಲೆಗೆ ಬಡಿಯುತ್ತದೆ. ಹೆಲ್ಮೆಟ್, ಏಟು ತಡೆಯುವ ಇಂಪ್ಯಾಕ್ಟ್ ಜಾಕೆಟ್ ಇಬ್ಬರಿಗೂ ಕಡ್ಡಾಯ. ಕಾಲಿಗೆ ರಬ್ಬರ್ ಬೂಟು. ನಡೆಯುವಾಗ ಕಾಲೆತ್ತದೆ ಮರಳನ್ನು ಉಜ್ಜುತ್ತಾ ಹೋಗಬೇಕು, ಆಗ ಮರಳಲ್ಲಿ ಹುದುಗಿರುವ ತೊರಕೆ ಮೀನು ಸರಿದು ಹೋಗುತ್ತದೆ.

ಸ್ವಲ್ಪ ದೂರದಲ್ಲಿ ಬಿದಿರಿನ ಚೌಕಗಳು ತೇಲುತ್ತಿದ್ದವು. 3 ಮೀಟರ್ ಉದ್ದ, 3 ಮೀಟರ್ ಅಗಲ. ಸಮುದ್ರ ಪಾಚಿ ಬೆಳೆಸುವ ತೆಪ್ಪ. ಇಲ್ಲಿಯವರು ಪಾಸಿ ಅನ್ನುತ್ತಾರೆ. ಹೆಂಗಸರು ದಡದಲ್ಲಿ ಕೂತು ಪಾಚಿಯ ತುಂಡುಗಳನ್ನು ಹಗ್ಗಕ್ಕೆ ಕಟ್ಟುತ್ತಾರೆ, ತೆಪ್ಪ ನೀರಿಗೆ ತಳ್ಳುತ್ತಾರೆ. ಸುಮಾರು 45 ದಿನಕ್ಕೆ ಕೊಯ್ಲು. ಐಸ್‌ಕ್ರೀಮು, ಟೂತ್‌ಪೇಸ್ಟು ಗಟ್ಟಿಯಾಗಲು ಹಾಕುವ ವಸ್ತು ಇದರಿಂದ ಬರುತ್ತದೆ. ಮನ್ನಾರ್ ಕೊಲ್ಲಿಯ ಕಡೆ ಕಲ್ಲುಬಂಡೆಗೆ ಅಂಟಿದ ಪಾಚಿಯನ್ನು ಮುಳುಗಿ ಕೀಳುವ ಹೆಂಗಸರೂ ಇದ್ದಾರೆ. ಸೀರೆಯ ಮೇಲೆ ಶರ್ಟು, ಕಣ್ಣಿಗೆ ಕನ್ನಡಕ, ಬೆರಳಿಗೆ ಬಟ್ಟೆ ಸುತ್ತು.

ಮಧ್ಯಾಹ್ನ ಹಗ್ಗ ಕಟ್ಟುತ್ತಿದ್ದವರ ಹತ್ತಿರ ಹೋಗಿ ಕೂತೆ. ನನಗೆ ತಮಿಳು ಮಾತಾಡಲು ಬರುತ್ತದೆ, ಬೆಂಗಳೂರಿನ ತಮಿಳು. ನನಗಿಂತ ಹಿರಿಯ ಒಬ್ಬಾಕೆಗೆ "ಅಕ್ಕಾ, ಈ ಪಟಗಳಿಂದ ನಿಮಗೆ ತೊಂದರೆ ಆಗುತ್ತಾ?" ಅಂತ ಕೇಳಿದೆ. ಅವರು ಕೈ ನಿಲ್ಲಿಸದೆ ಹೇಳಿದರು: "ತೆಪ್ಪದ ಹತ್ತಿರ ಎದೆಮಟ್ಟ ನೀರಲ್ಲಿ ಬಗ್ಗಿ ಕೆಲಸ ಮಾಡ್ತೀವಿ. ತಲೆ ಮಾತ್ರ ಕಾಣುತ್ತೆ, ಅಲೆ ಬಂದರೆ ಅದೂ ಇಲ್ಲ. ನಾವು ಎದ್ದು ನೋಡೋ ಹೊತ್ತಿಗೆ ನಿಮ್ಮವರು ಪಕ್ಕದಲ್ಲೇ ಸುಯ್ ಅಂತ ಹೋಗಿರ್ತಾರೆ." ಬೈಗುಳ ಇರಲಿಲ್ಲ, ಆದರೆ ನಗುವೂ ಇರಲಿಲ್ಲ. "ಈ ಹುಡುಗ ಸರಿ. ಬೆಳಿಗ್ಗೆ ಬಂದು ಎಲ್ಲಿ ಇಳೀತೀವಿ ಅಂತ ಕೇಳಿ ಹೋಗ್ತಾನೆ."

ಅದು ನಿಜ. ಪ್ರತಿ ಬೆಳಿಗ್ಗೆ ಅವನು ದಂಡೆಯಲ್ಲಿ ಒಂದು ಸುತ್ತು ಹಾಕಿ, ಯಾರು ಎಲ್ಲಿ ಬಲೆ ಬಿಟ್ಟಿದ್ದಾರೆ, ಯಾವ ತೆಪ್ಪಕ್ಕೆ ಇವತ್ತು ಕೊಯ್ಲು ಅಂತ ಕೇಳಿಕೊಂಡೇ ಬರುತ್ತಿದ್ದ. ಹೊರಗಿನಿಂದ ಸ್ವಂತ ಕೈಟ್ ತರುವವರು ಈ ಒಂದು ಕೆಲಸ ಮಾಡಿದರೆ ಎಷ್ಟೋ ಜಗಳ ತಪ್ಪುತ್ತದೆ. ನೀರಲ್ಲಿರುವ ಮನುಷ್ಯನಿಗೆ, ಈಜುವವನಾಗಲಿ ದುಡಿಯುವವಳಾಗಲಿ, ಯಾವಾಗಲೂ ದಾರಿ ಬಿಡಬೇಕಾದವರು ಕೈಟ್‌ನವರೇ. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಮಂಗಳವಾರ: ಹಗ್ಗ

ಬೆಳಿಗ್ಗೆ ಇಡ್ಲಿ, ಮೀನುಗೊಜ್ಜು ತಿಂದು ದಂಡೆಗೆ ಬಂದರೆ ಇಪ್ಪತ್ತು ಇಪ್ಪತ್ತೈದು ಜನ ಎರಡು ಗುಂಪಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ತಮ್ಮ ಥಟ್ಟನೆ ನಿಂತ. "ಅಕ್ಕ, ಕಾಣ್, ನಮ್ಮೂರ ಕೈರಂಪಣಿಯೇ!"

ಹೌದು, ಅದೇ. ಇಲ್ಲಿ ಕರೈವಲೈ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಹಗ್ಗ ನೂರಾರು ಮೀಟರ್ ಉದ್ದ. ಗಂಟೆಗಟ್ಟಲೆ ಕೆಲಸ. ಎರಡು ಹಗ್ಗದ ನಡುವಿನ ನೀರೆಲ್ಲ ಅಷ್ಟು ಹೊತ್ತು ಅವರದ್ದು. ನಮ್ಮ ಹುಡುಗ ಅವತ್ತಿನ ಪಾಠವನ್ನು ಗಾಳಿ ಬರುವ ಕಡೆಗೆ ಬಹಳ ಮೇಲಕ್ಕೆ ಒಯ್ಯದೆ, ಬಲೆಯನ್ನು ದಾಟಿ ಕೆಳಕ್ಕೆ, ಅಂದರೆ ಗಾಳಿ ಹೋಗುವ ಕಡೆಗೆ, ಒಯ್ದ. ಕಾರಣ ಸರಳ. ಹೊಸಬರು ಗಾಳಿಗೆ ಎದುರಾಗಿ ಜಾಗ ಕಾಯ್ದುಕೊಳ್ಳಲಾರರು, ಸರಿಯುತ್ತಾ ಸರಿಯುತ್ತಾ ಕೆಳಕ್ಕೆ ಬರುತ್ತಾರೆ. ಬಲೆಯ ಮೇಲ್ಗಡೆ ಶುರು ಮಾಡಿದರೆ ಕೊನೆಗೆ ತಲುಪುವುದು ಬಲೆಗೇ.

ಬೇರೆ ಊರಿನಿಂದ ಬಂದಿದ್ದ ಒಬ್ಬರು ಮೇಲ್ಗಡೆಯೇ ಶುರು ಮಾಡಿದರು. ಸ್ವಂತ ಕೈಟ್, ಜೊತೆಗೆ ಯಾರೂ ಇಲ್ಲ. ಹೋಗುವಾಗ ಚೆನ್ನಾಗಿಯೇ ಹೋದರು. ತಿರುಗುವಾಗ ಬೋರ್ಡ್ ಜಾರಿತು, ಕೈಟ್ ನೀರಿಗೆ ಬಿತ್ತು. ಗಾಳಿ ಅವರನ್ನು ಸೀದಾ ಹಗ್ಗದ ಮೇಲೆ ತಂದು ಹಾಕಿತು. ಲೈನ್‌ಗಳು ಹಗ್ಗಕ್ಕೆ ಸುತ್ತಿಕೊಂಡವು. ಅವರು ಗಾಬರಿಯಿಂದ ಕೈಟನ್ನು ಮತ್ತೆ ಎಬ್ಬಿಸಲು ಒಂದು ಬದಿ ಎಳೆಯತೊಡಗಿದರು. ಕೈಟ್ ಒಮ್ಮೆ ನೀರು ಬಿಟ್ಟು ಮೇಲೆದ್ದು ಮತ್ತೆ ಅಪ್ಪಳಿಸಿತು.

ನಮ್ಮ ಹುಡುಗ ಓಡುತ್ತಲೇ ಕೂಗಿದ. "ಎಬ್ಬಿಸಬೇಡಿ! ರಿಲೀಸ್ ತಳ್ಳಿ, ತಳ್ಳಿ!" ಹನ್ನೆರಡು ಜನ ಬರಿಗೈಯಲ್ಲಿ ಹಿಡಿದ ಹಗ್ಗ ಅದು. ಅದಕ್ಕೆ ಸುತ್ತಿದ ಲೈನ್‌ಗೆ ಗಾಳಿಯ ಬಲ ಬಂದರೆ ಯಾರದ್ದಾದರೂ ಬೆರಳು ಹೋಗುತ್ತಿತ್ತು. ಪುಣ್ಯಕ್ಕೆ ಅವರಿಗೆ ಕೂಗು ಕೇಳಿಸಿತು, ರಿಲೀಸ್ ತಳ್ಳಿದರು. ಕೈಟ್ ಸತ್ತ ಬಟ್ಟೆಯ ಹಾಗೆ ನೀರ ಮೇಲೆ ಬಿತ್ತು. ಎಳೆಯುವವರು ಕೈ ನಿಲ್ಲಿಸಿದರು. ಎಳೆತ ನಿಂತರೆ ಬಲೆ ಸಡಿಲವಾಗಿ ಮೀನು ತಪ್ಪಿಸಿಕೊಳ್ಳುತ್ತದೆ ಅನ್ನುವುದು ನಮಗೆ ಚಿಕ್ಕಂದಿನಿಂದ ಗೊತ್ತು. ಇಬ್ಬರು ಈಜಿ ಹೋಗಿ ಒಂದೊಂದೇ ಲೈನ್ ಬಿಡಿಸಿದರು. ಕತ್ತರಿಸಲಿಲ್ಲ. ಅವರಿಗೆ ದಾರದ ಬೆಲೆ ಗೊತ್ತು.

ಆ ಮನುಷ್ಯ ದಡಕ್ಕೆ ಬಂದು ಕೈ ಮುಗಿದು, ದುಡ್ಡು ಕೊಡಲು ಹೋದರು. ಗುಂಪಿನ ಹಿರಿಯರು ದುಡ್ಡಿನ ಕಡೆ ನೋಡಲಿಲ್ಲ. ಹಗ್ಗದ ತುದಿ ತೋರಿಸಿ "ಪಿಡಿ ತಂಬಿ" ಅಂದರು. ಹಿಡಿ ತಮ್ಮಾ ಅಂತ. ಅವರೂ ಹಿಡಿದರು, ನಾನೂ ತಮ್ಮನೂ ಹಿಡಿದೆವು. ಸೊಂಟಕ್ಕೆ ಪಟ್ಟಿ ಕಟ್ಟಿ, ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ ಹಾಕಬೇಕು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಲೆಯ ಚೀಲ ದಡ ಸೇರಿತು. ಬೂತಾಯಿ ಸ್ವಲ್ಪ, ಹೊಳೆಯುವ ಸಣ್ಣ ಕಾರೈ ಮೀನು ಸ್ವಲ್ಪ, ಒಂದೆರಡು ಏಡಿ. ಅಷ್ಟು ಜನಕ್ಕೆ ಹಂಚಿದರೆ ತಲೆಗೆ ಎಷ್ಟು ಬಂದೀತು!

ಆಮೇಲೆ ಚಹಾ ಕುಡಿಯುತ್ತಾ ಹಿರಿಯರು ಈ ಕಡಲಿನ ಲೆಕ್ಕ ಹೇಳಿದರು. ದೊಡ್ಡ ಟ್ರಾಲ್ ಬೋಟುಗಳು ವಾರದಲ್ಲಿ 3 ದಿನ ಮಾತ್ರ: ಸೋಮವಾರ, ಬುಧವಾರ, ಶನಿವಾರ. ಉಳಿದ 4 ದಿನ ನಾಡದೋಣಿಗಳದ್ದು. ಎಷ್ಟೋ ವರ್ಷ ಬಲೆ ಹರಿದು, ಹೊಡೆದಾಡಿ, ಕೊನೆಗೆ ಮಾಡಿಕೊಂಡ ಒಪ್ಪಂದ. ಕೇಳುತ್ತಾ ನನಗೆ ನಮ್ಮ ಕರಾವಳಿ ನೆನಪಾಯಿತು. 1970ರ ದಶಕದ ನಡುವೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ನಮ್ಮ ದೊಡ್ಡ ರಂಪಣಿಗಳು ಒಂದೊಂದೇ ನಿಂತುಹೋದವು. ಅಲ್ಲಿ ಹೀಗೆ ವಾರ ಹಂಚಿಕೊಳ್ಳಲಿಲ್ಲ. "ನಿಮಗೂ ಒಂದು ವಾರ ಹಾಕಿಕೊಡೋಣವಾ?" ಅಂತ ಹಿರಿಯರು ನಮ್ಮ ಹುಡುಗನನ್ನು ಕೇಳಿದರು. ಅವನು ಗಂಭೀರವಾಗಿಯೇ "ವಾರ ಬೇಡ ಮಾಮಾ, ಬಲೆ ಇಲ್ಲದ ಜಾಗ ತೋರಿಸಿ ಸಾಕು" ಅಂದ.

ಬುಧವಾರ: ಕೈಟ್ ಇಳಿಸಿದ ದಿನ

ಹತ್ತು ಗಂಟೆಗೆ ಗಾಳಿ ಇದ್ದಕ್ಕಿದ್ದಂತೆ ಸತ್ತಿತು. ಈಶಾನ್ಯದಲ್ಲಿ ಕಡಲಿನ ಮೇಲೆ ಕಪ್ಪು ಗೆರೆ. ಹುಡುಗ ಸೀಟಿ ಊದಿ ಎಲ್ಲರ ಕೈಟನ್ನೂ ಇಳಿಸಿದ. "ಇನ್ನೂ ಬಿಸಿಲಿದೆಯಲ್ಲ?" ಅಂತ ಒಬ್ಬರು ಗೊಣಗಿದರು. ಕೈಟ್ ಮಡಚಿ ಮುಗಿಸುವಷ್ಟರಲ್ಲಿ ತಣ್ಣನೆಯ ಗಾಳಿ ನುಗ್ಗಿತು, ಹಿಂದೆಯೇ ಮಳೆ. ಗಾಳಿಯ ವೇಗ 2 ಪಟ್ಟಾದರೆ ಎಳೆತ 4 ಪಟ್ಟಾಗುತ್ತದೆ. 15 ನಾಟ್‌ಗೆ ಸರಿಯಾದ ಕೈಟ್ 30 ನಾಟ್‌ನಲ್ಲಿ ಹೊಸಬರ ಕೈಗೆ ನಿಲ್ಲುವ ವಸ್ತುವೇ ಅಲ್ಲ.

ಯಾರೋ ಒಂದು ಕೈಟನ್ನು ಗಾಳಿ ತೆಗೆಯದೆ ಹಾಗೇ ಬಿಟ್ಟಿದ್ದರು. ಕೈಟನ್ನು ಬೋರಲು ಹಾಕಿ, ಮುಂದಿನ ಅಂಚು ಗಾಳಿಯ ಕಡೆ ಮಾಡಿ, ಮೇಲೆ ಸಾಕಷ್ಟು ಮರಳು ಹಾಕಬೇಕು. ಅದಕ್ಕೆ ಮರಳು ಕಡಿಮೆ ಬಿದ್ದಿತ್ತು. ಅದು ಉರುಳಿ ಉರುಳಿ ಚಹಾ ಅಂಗಡಿಯ ಚಪ್ಪರಕ್ಕೆ ಬಡಿಯಿತು. ಲೈನ್ ಬಿಚ್ಚಿಟ್ಟಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಚಪ್ಪರದ ಒಂದು ಗಳ ಮುರಿದಿತ್ತು. ಮಳೆ ನಿಂತ ಮೇಲೆ ಎಲ್ಲರೂ ಸೇರಿ ಹೊಸ ಗಳ ಕಟ್ಟಿದರು.

ಮಧ್ಯಾಹ್ನ ಧನುಷ್ಕೋಟಿಗೆ ಹೋದೆವು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತದಲ್ಲಿ ಊರೇ ಹೋಯಿತು, ಒಂದು ರೈಲೂ ಜನರ ಸಮೇತ ಕೊಚ್ಚಿಹೋಯಿತು. ಚರ್ಚಿನ ಗೋಡೆ, ನಿಲ್ದಾಣದ ಕಂಬಗಳು ಈಗಲೂ ನಿಂತಿವೆ. ಅವುಗಳ ನಡುವೆ ಮೀನುಗಾರರ ಗುಡಿಸಲು. ಮರಳಲ್ಲಿ ಅಷ್ಟೇನೂ ಆಳ ಅಗೆಯದೆ ಸಿಗುವ ಸಿಹಿನೀರು ಕುಡಿಯಲು ಕೊಟ್ಟರು. ಪಕ್ಕದ ಅಂಗಡಿಯಲ್ಲಿ ಕಾರ ಹಚ್ಚಿ ಕಾವಲಿಯಲ್ಲಿ ಹುರಿದ ಮೀನು. ಮೀನು ಆರಿಸುವ ಮೊದಲು ದರ ಕೇಳಿ.

ಅರಿಚಲ್‌ಮುನೈ ತುದಿಯಲ್ಲಿ ನಿಂತಾಗ ತಮ್ಮ ಮನ್ನಾರ್ ಕೊಲ್ಲಿಯ ಕಡೆ ಕೈ ತೋರಿಸಿದ. ದಡದ ಹತ್ತಿರ ನೀರು ಸಮತಟ್ಟು, ಅಲೆ ಕಡಿಮೆ. "ಅಕ್ಕ, ಇಲ್ಲೇ ಕಲಿಸಬಹುದಿತ್ತಲ್ದಾ?" ಇರೋ, ಗಾಳಿ ನೋಡು ಅಂದೆ. ಈಶಾನ್ಯದ ಗಾಳಿ ನೆಲ ದಾಟಿ ಆ ಕಡೆಯಿಂದ ಕಡಲಿಗೆ ಹೋಗುತ್ತಿತ್ತು. ನೀರು ಸಮತಟ್ಟಾಗಿ ಕಂಡದ್ದು ಅದಕ್ಕೇ. ಅಲ್ಲಿ ಕೈಟ್ ಬಿದ್ದರೆ ಮುಂದೆ ದಡ ಅನ್ನುವುದೇ ಇಲ್ಲ. ಇನ್ನೊಂದು ಬದಿ, ಪಾಕ್ ಕೊಲ್ಲಿಯ ಕಡೆ, ಗಾಳಿ ನೇರ ದಡಕ್ಕೆ ಹೊಡೆದು ರಸ್ತೆಯ ಮೇಲೆ ಮರಳು ಹಾರಿಸುತ್ತಿತ್ತು. ಅಲ್ಲಿ ಬಿದ್ದವರು ರಸ್ತೆಯ ಕಲ್ಲಿಗೆ ಬಡಿಯುತ್ತಾರೆ. ಅವತ್ತಿನ ಗಾಳಿಗೆ ಎರಡೂ ಬದಿ ಹೊಸಬರಿಗೆ ಆಗುವಂಥದ್ದಲ್ಲ. ಕಡಲು ಶಾಂತ ಇದೆ ಅಂತ ಜಾಗ ಆರಿಸಬಾರದು, ಗಾಳಿಯ ದಿಕ್ಕು ನೋಡಿಯೇ ಆರಿಸಬೇಕು.

ವಾಪಸ್ ಬರುವಾಗ ಹಿನ್ನೀರಿನಲ್ಲಿ ರಾಜಹಂಸಗಳು. ನೂರಾರು ಇದ್ದವು. ಕಾರಿನ ಗಾಜು ಇಳಿಸಿ ನೋಡಿದೆವು, ಇಳಿಯಲಿಲ್ಲ. ಧನುಷ್ಕೋಟಿಯ ಈ ಜಾಗವನ್ನು ತಮಿಳುನಾಡು ಸರ್ಕಾರ 2025ರಲ್ಲಿ ರಾಜಹಂಸಗಳ ಅಭಯಧಾಮ ಅಂತ ಘೋಷಿಸಿದೆ. ಆಳ ಇಲ್ಲದ ತಿಳಿನೀರು ಕಂಡರೆ ಕೈಟ್‌ನವರಿಗೆ ಆಸೆ ಆಗುತ್ತದೆ. ಆದರೆ ಮೇಲೆ ಹಾರುವ ದೊಡ್ಡ ನೆರಳು ಹಕ್ಕಿಗೆ ಹದ್ದಿನ ಭಯ ಹುಟ್ಟಿಸುತ್ತದೆ. ಮೇಯಲು ಬಂದ ಹಕ್ಕಿ ಹಾರಿ ಹಾರಿಯೇ ಸೋಲುತ್ತದೆ. ಅಲ್ಲಿಗೆ ಕೈಟ್ ಒಯ್ಯಬೇಡಿ.

ಗುರುವಾರ: ಬೋರ್ಡ್ ಮೇಲೆ

ಗಾಳಿ ತೊಳೆದು ಬಿಟ್ಟಂತೆ ಸ್ಥಿರವಾಗಿತ್ತು. ತಮ್ಮ ಮೊದಲು ಎದ್ದು ನಿಂತ. ನಾನೂ ಸ್ವಲ್ಪ ಹೊತ್ತಿನಲ್ಲಿ ಎದ್ದೆ. ಕಾಲಡಿ ನೀರು ಸರಸರ ಹಿಂದಕ್ಕೆ ಓಡುವುದು, ಹಾರ್ನೆಸ್‌ನಲ್ಲಿ ಆ ಹಿತವಾದ ಎಳೆತ, ನೀರೊಳಗೆ ಹಸಿರು ಕಡಲಹುಲ್ಲು ಕಾಣುವುದು. ಇದಕ್ಕಾಗಿ ಎಷ್ಟು ದೂರ ಬೇಕಾದರೂ ಬರಬಹುದು.

ಎದ್ದು ನಿಂತ ಕೂಡಲೇ ಇನ್ನೊಂದು ಪಾಠ ಶುರು, ಸಂಚಾರದ ನಿಯಮ. ಇಬ್ಬರು ಎದುರುಬದುರಾದರೆ ಬಲಗಾಲು ಮುಂದಿರುವವರು ತಮ್ಮ ದಾರಿಯಲ್ಲೇ ಹೋಗುತ್ತಾರೆ, ಎಡಗಾಲು ಮುಂದಿರುವವರು ಸರಿಯಬೇಕು. ದಡ ಬಿಟ್ಟು ಹೊರಡುವವರಿಗೆ ದಡಕ್ಕೆ ಬರುವವರು ದಾರಿ ಕೊಡಬೇಕು. ಈ ದಂಡೆಯಲ್ಲಿ ಬಲಗಡೆಯ ಗಾಳಿ ಇದ್ದಾಗ ಹೊರಡುವಾಗಲೇ ಬಲಗಾಲು ಮುಂದಿರುತ್ತದೆ, ಹಾಗಾಗಿ ಎರಡು ನಿಯಮವೂ ಒಟ್ಟಿಗೆ ಕೂಡಿ ಬಂದವು. ಹತ್ತಿರದಲ್ಲಿ ದಾಟುವಾಗ ಗಾಳಿ ಬರುವ ಕಡೆ ಇರುವವರು ಕೈಟ್ ಎತ್ತರಕ್ಕೆ ಒಯ್ಯಬೇಕು, ಇನ್ನೊಬ್ಬರು ತಗ್ಗಿಸಬೇಕು. ಇಲ್ಲದಿದ್ದರೆ ಲೈನ್ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಬರುವವರೇ ಜಾಗ ಬಿಟ್ಟು ದಾಟಬೇಕು. ನೀರಿಂದ ಮೇಲಕ್ಕೆ ಹಾರುವವರು ಗಾಳಿ ಹೋಗುವ ಕಡೆ 50 ಮೀಟರ್, ಗಾಳಿ ಬರುವ ಕಡೆ 30 ಮೀಟರ್ ಖಾಲಿ ಇದೆಯೇ ಅಂತ ನೋಡಿಕೊಳ್ಳಬೇಕು, ದಡದ ಹತ್ತಿರ ಹಾರಲೇಬಾರದು.

ಅವತ್ತು ನೀರಲ್ಲಿದ್ದ ಅನುಭವಿ ಒಬ್ಬರಿಗೆ ನಿಯಮದ ಪ್ರಕಾರ ದಾರಿ ಇತ್ತು. ಆದರೂ ನನ್ನನ್ನು ಕಂಡು ದೂರದಲ್ಲೇ ಕೈಟ್ ಎತ್ತಿ ನಿಂತರು. ಹೊಸಬರಿಗೆ ನಿಯಮ ಗೊತ್ತಿದ್ದರೂ ಕೈಕಾಲು ಆ ವೇಗಕ್ಕೆ ಕೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ನಾನು ಹೋಗಿ ಥ್ಯಾಂಕ್ಸ್ ಹೇಳಿ ಬಂದೆ. ಇಂಥವರು ಇರುವ ದಂಡೆಯಲ್ಲಿ ಕಲಿಯುವುದು ಭಾಗ್ಯ.

ಶುಕ್ರವಾರ: ದೇವಸ್ಥಾನ, ಆಮೇಲೆ ದಾರಿ

ಬೆಳಗಿನ ಜಾವ ಅಗ್ನಿತೀರ್ಥದಲ್ಲಿ ಮುಳುಗಿ, ದೇವಸ್ಥಾನದ 22 ತೀರ್ಥಗಳ ಸ್ನಾನ ಮಾಡಿದೆವು. ಬಾವಿಯಿಂದ ಬಕೆಟ್ಟಿನಲ್ಲಿ ಎತ್ತಿ ತಲೆಗೆ ಸುರಿಯುತ್ತಾರೆ. ಬದಲಾಯಿಸಲು ಒಣಬಟ್ಟೆ ಬೇಕೇ ಬೇಕು, ಒದ್ದೆಬಟ್ಟೆಯಲ್ಲಿ ದರ್ಶನಕ್ಕೆ ಬಿಡುವುದಿಲ್ಲ. ಅಗ್ನಿತೀರ್ಥದ ನೀರು ಶಾಂತ. ಆದರೆ ಪಿತೃಗಳಿಗೆ ತರ್ಪಣ ಬಿಡುವವರು, ಮಕ್ಕಳನ್ನು ಎತ್ತಿಕೊಂಡು ಮುಳುಗುವವರು ತುಂಬಿರುತ್ತಾರೆ. ಅದು ಸ್ನಾನದ ಕಡಲು, ಅಲ್ಲಿ ಕೈಟ್‌ಗೆ ಕೆಲಸವಿಲ್ಲ.

ಹೊರಡುವ ಮೊದಲು ಹುಡುಗನಿಗೆ ವಿದಾಯ ಹೇಳಲು ದಂಡೆಗೆ ಹೋದಾಗ ತಮ್ಮ ಫೋನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕೈಟ್ ತೋರಿಸಿದ. ದರ ಬಹಳ ಕಡಿಮೆ. ಹುಡುಗ ಫೋಟೋ ದೊಡ್ಡದು ಮಾಡಿ ನೋಡಿ ತಲೆ ಅಲ್ಲಾಡಿಸಿದ. ಅದು ಹಳೆಯ ಕಾಲದ, ಬಹಳ ಬಾಗಿದ ಕೈಟ್. 2005ರ ಸುಮಾರಿಗೆ ಚಪ್ಪಟೆ ಮಾದರಿಯ ಬೋ ಕೈಟ್ ಬಂದ ಮೇಲೆಯೇ ಬಾರ್ ಬಿಟ್ಟರೆ ಎಳೆತ ಹೆಚ್ಚುಕಡಿಮೆ ಪೂರ್ತಿ ತಗ್ಗುವ ವ್ಯವಸ್ಥೆ ಬಂದದ್ದು. ಅದಕ್ಕಿಂತ ಹಿಂದಿನದ್ದು ಪುಕ್ಕಟೆ ಸಿಕ್ಕರೂ ಬೇಡ ಅಂದ. "ಮೊದಲು ಒಂದು ಒಳ್ಳೆ ಹೆಲ್ಮೆಟ್ ತಗೊಳ್ಳಿ. ಮಳೆಗಾಲದ ಗಾಳಿಗೆ ಮತ್ತೆ ಬನ್ನಿ, ನನ್ನ ಕೈಟಲ್ಲೇ ಗಾಳಿಗೆ ಎದುರಾಗಿ ಹೋಗೋದು ಕಲಿಯಿರಿ. ಹೊರಟ ಜಾಗಕ್ಕೇ ವಾಪಸ್ ಬರೋಕೆ ಆದ ಮೇಲೆ ಸ್ವಂತದ್ದು ಕೊಳ್ಳಿ."

ತಮ್ಮ ಆ ಜಾಹೀರಾತು ಮುಚ್ಚಿದ. ಮಂಡಪಂ ದಾಟುವ ಹೊತ್ತಿಗೆ ಇಬ್ಬರೂ ಜೂನ್‌ನಲ್ಲಿ ಯಾವಾಗ ರಜೆ ಸಿಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆವು.